ಹಡಗು ಬಿದ್ದರೆ ‘ಹೌದು’ ಅನ್ನಿ

ಕಾಲೇಜಿನ ಬಸ್ಸಿನಿಂದ ಇಳಿದ ತಕ್ಷಣ ಅವರ ಕನ್ನಡಕ ಬೆಳ್ಳಗಾಗಿಬಿಡುತ್ತಿತ್ತು. ಒಳಗಿನ ಎ.ಸಿ.ಯಲ್ಲಿ ತಣ್ಣಗಾಗಿದ್ದ ಗಾಜಿಗೆ ಕೊಲ್ಲಿ ದೇಶದ ಈ ಮಹಬೂಲಾದ ಕಡಲ ಹಬೆ ತಾಗಿದರೆ ಇನ್ನೇನಾಗುತ್ತದೆ? ಸೆಪ್ಟೆಂಬರ್ ಸಂಜೆ, ಕಾಲಿನ ಕೆಳಗಿನ ಡಾಂಬರು ಇನ್ನೂ ಸುಡುತ್ತಿರುವಾಗ, ಇಳಕಲ್ ಸೀರೆಯ ಮೇಲೆ ಮೊಣಕೈ ಸವೆದ ಮೆರೂನ್ ಸ್ವೆಟರ್ ಹಾಕಿಕೊಂಡು, ಲ್ಯಾಪ್‌ಟಾಪಿನ ಚೀಲ ಎದೆಗವಚಿಕೊಂಡು ಅವರು ರಸ್ತೆಯ ಬದಿಯಲ್ಲಿ ನಿಂತುಬಿಡುತ್ತಿದ್ದರು. ಉಳಿದವರಾದರೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಇವರು ಒರೆಸುತ್ತಿರಲಿಲ್ಲ. ಎದುರಿಗೆ ಯಾರಾದರೂ ಇದ್ದರೆ ಇರಲಿ ಎಂದು ಒಂದು ನಗು ಮುಖದ ಮೇಲಿಟ್ಟುಕೊಂಡು, ಕಣ್ಣು ಕಾಣುವ ತನಕ ಕಾಯುತ್ತಿದ್ದರು.

ನಾನು ಮೊದಲ ಸಲ ನೋಡಿದ್ದೂ ಹಾಗೇ. ಬೇಕರಿಯಿಂದ ಕುಬ್ಬೂಸ್ ರೊಟ್ಟಿ ಹಿಡಿದುಕೊಂಡು ಬರುತ್ತಿದ್ದವಳು, ಪಾಪ ದಾರಿ ತಪ್ಪಿದವರಿರಬೇಕು ಎಂದು ಹತ್ತಿರ ಹೋಗಿ, ‘ಒರೆಸಿ ಕೊಡ್ಲಾ ಮೇಡಂ?’ ಎಂದೆ. ಕನ್ನಡ ಯಾಕೆ ಬಂತೋ ನನಗೂ ಗೊತ್ತಿಲ್ಲ, ಬಹುಶಃ ಆ ಸೀರೆಯ ಸೆರಗು ನೋಡಿ.

‘ಬ್ಯಾಡ್ರಿ. ತಾನಽ ಹೋಗ್ತದ. ಒರಸಿದ್ರ ಮತ್ತ ಬರ್ತದ,’ ಎಂದು ಆ ಬಿಳಿ ಕನ್ನಡಕದಿಂದಲೇ ನನ್ನ ಕಡೆ ತಿರುಗಿದರು. ‘ನೀವು ಮಂಗಳೂರು ಕಡೇದವ್ರೇನು? ಒರೆಸಿ ಕೊಡ್ಲಾ ಅಂದ್ರಲ್ಲ, ಅದಕ್ಕ ಕೇಳಿದೆ.’

ಅವರು ಬಾಡಿಗೆಗೆ ಬಂದದ್ದು ನಮ್ಮ ಮಹಡಿಗೇ, ಲಿಫ್ಟಿನ ಆಚೆ ಬದಿಯ ಒಂದು ಕೋಣೆಯ ಫ್ಲಾಟಿಗೆ. ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಅದರೊಳಗೆ ಅವರ ಕೆಲಸ ಸಂಖ್ಯಾಶಾಸ್ತ್ರದ್ದು: ಜನರನ್ನು ಪ್ರಶ್ನೆ ಕೇಳುವುದು ಹೇಗೆ, ಬಂದ ಉತ್ತರವನ್ನು ಎಷ್ಟು ನಂಬಬೇಕು, ಕೆಲವರನ್ನು ಕೇಳಿ ಎಲ್ಲರ ಬಗ್ಗೆ ಹೇಳುವುದು ಹೇಗೆ. ಕಾಲೇಜಿನ ಹುಡುಗಿಯರಿಗೆ ಅವರು ‘ದಕ್ತೂರಾ’. ನಮ್ಮ ಕಟ್ಟಡದಲ್ಲಿ ಇರುವವರೆಲ್ಲ ಕರಾವಳಿಯವರು. ನಮಗೆ ಪಾಠ ಮಾಡುವ ಹೆಂಗಸು ಯಾರೇ ಆಗಲಿ ‘ಟೀಚರ್’. ಹಾಗಾಗಿ ಅಷ್ಟು ದೊಡ್ಡ ಡಾಕ್ಟರೇಟ್ ಇದ್ದವರೂ ನಮ್ಮ ಲಿಫ್ಟಿನಲ್ಲಿ ಟೀಚರ್ ಆದರು. ಅವರು ನನ್ನನ್ನು ‘ವೈನಿ’ ಎನ್ನುತ್ತಿದ್ದರು. ಧಾರವಾಡದ ಕಡೆ ಅತ್ತಿಗೆಗೆ ಹಾಗೆನ್ನುತ್ತಾರಂತೆ. ನನಗಿಂತ ಹತ್ತು ವರ್ಷ ದೊಡ್ಡವರು ಅತ್ತಿಗೆ ಎಂದಾಗ ಮೊದಮೊದಲು ಮುಜುಗರವಾಗುತ್ತಿತ್ತು.

ಅವರ ಮನೆಯಲ್ಲಿ ದೊಡ್ಡದು ಎನ್ನುವ ಯಾವ ವಸ್ತುವೂ ಇರಲಿಲ್ಲ. ಅಕ್ಕಿಯ ಚಿಕ್ಕ ಪೊಟ್ಟಣ, ಎಣ್ಣೆಯ ಚಿಕ್ಕ ಬಾಟಲಿ. ‘ದೊಡ್ಡ ಚೀಲ ತಕೊಂಡ್ರೆ ಅಗ್ಗ ಟೀಚರ್,’ ಎಂದರೆ, ‘ನನ್ನ ಇಕಾಮಾಕಿಂತ ನನ್ನ ಅಕ್ಕಿ ಹೆಚ್ಚು ದಿನ ಬಾಳಬಾರ್ದ್ರಿ,’ ಎಂದು ನಗುತ್ತಿದ್ದರು. ಈ ದೇಶದಲ್ಲಿ ವಾಸದ ಪರವಾನಗಿಯ ಚಿಂತೆ ಇಲ್ಲದವರು ಯಾರಿದ್ದಾರೆ? ಆದರೆ ನಮ್ಮ ಚಿಂತೆಗೆ ಅಭ್ಯಾಸ ಬಿದ್ದಿದೆ. ಅವರದು ಪ್ರತಿ ವರ್ಷ ಹೊಸದು. ಧಾರವಾಡದಲ್ಲಿ ಎಂ.ಎ., ಹೊರದೇಶದಲ್ಲಿ ಪಿಎಚ್.ಡಿ., ಆಮೇಲೆ ಊರಿಂದೂರಿಗೆ, ಎಲ್ಲವೂ ಒಂದು ವರ್ಷ, ಎರಡು ವರ್ಷದ ಕರಾರು. ‘ರಾಜ್ಯಶಾಸ್ತ್ರದವ್ರು ನನ್ನ ಲೆಕ್ಕದಾಕಿ ಅಂತಾರ. ಲೆಕ್ಕದವ್ರು ರಾಜ್ಯಶಾಸ್ತ್ರದಾಕಿ ಅಂತಾರ. ಹಿಂಗಾಗಿ ಎರಡೂ ಕಡೆ ನಂಗ ಕುರ್ಚಿ ಇಲ್ರಿ ವೈನಿ, ಸ್ಟೂಲ್ ಅದ.’

ಅವರ ಜೊತೆ ತರಕಾರಿಗೆ ಹೋಗುವುದೊಂದು ಶಿಕ್ಷೆ. ಟೊಮೆಟೊ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಕೆಂಪಗೆ ಹೊಳೆಯುವುದನ್ನು ನಾವು ನೋಡಿದರೆ ಇವರು ಕಣ್ಣು ಮುಚ್ಚಿ ಕೈಯನ್ನು ತಳದವರೆಗೆ ಇಳಿಸಿ, ಮೂಲೆಯಿಂದ ಒಂದು, ನಡುವಿನಿಂದ ಒಂದು, ಅಡಿಯಿಂದ ಒಂದು ತೆಗೆದು ನೋಡುವರು. ಅಂಗಡಿಯವನು ‘ಯಲ್ಲಾ, ಮಾಮಾ, ಯಲ್ಲಾ’ ಎಂದು ಅವಸರಪಡಿಸುತ್ತ ಗೊಣಗುವನು. ‘ಮ್ಯಾಲಿನ ಸಾಲು ನಮಗ ತೋರ್ಸಾಕ ಇಟ್ಟಿರ್ತಾರ್ರಿ,’ ಎಂದು ಅವನಿಗೆ ಧಾರವಾಡದ ಕನ್ನಡದಲ್ಲೇ ಉತ್ತರ. ಅವನು ಅಕ್ಕಪಕ್ಕದ ಗಿರಾಕಿಗಳೂ ಹಾಗೆ ಆರಿಸತೊಡಗುವ ಮೊದಲೇ ಒಂದು ಹಣ್ಣು ಹೆಚ್ಚು ಹಾಕಿ ಕಳಿಸುತ್ತಿದ್ದ.

ಆ ಚಳಿಗಾಲದಲ್ಲಿ ಅವರು ಒಂದು ಸಮೀಕ್ಷೆ ಹಿಡಿದರು. ನಮ್ಮ ಸುತ್ತಿನ ಕಟ್ಟಡಗಳಲ್ಲಿ, ಒಂದೊಂದು ಕೋಣೆಯಲ್ಲಿ ಆರೆಂಟು ಜನರಂತೆ ಇರುವ ಕಾರ್ಮಿಕರನ್ನು ಕುರಿತದ್ದು. ಕಾನೂನಿನ ಪ್ರಕಾರ ಪಾಸ್‌ಪೋರ್ಟ್ ಅವರವರ ಕೈಯಲ್ಲೇ ಇರಬೇಕು. ನಿಜಕ್ಕೂ ಎಷ್ಟು ಜನರದು ಕಂಪೆನಿಯವರ ವಶದಲ್ಲಿದೆ? ನೇರವಾಗಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೆದರಿದವರನ್ನು ಹೆದರಿಸದೆ ಪ್ರಶ್ನೆ ಕೇಳುವುದು ಹೇಗೆ ಎನ್ನುವುದೇ ಅವರ ಅಧ್ಯಯನ. ಕಾಲೇಜಿನ ಅನುಮತಿ ಸಿಕ್ಕಿತ್ತು. ವರದಿ ರಂಜಾನಿಗೆ ಮೊದಲು ಕೊಡಬೇಕು. ಅದರ ಮೇಲೆ ಅವರ ಕರಾರು ಮುಂದುವರಿಯುವುದು, ಕರಾರಿನ ಮೇಲೆ ಇಕಾಮಾ. ತುಳು, ಕನ್ನಡ, ಹಿಂದಿ ಮೂರೂ ಬರುವ ಒಬ್ಬರು ಜೊತೆಗೆ ಬೇಕಿತ್ತು. ನನ್ನನ್ನು ಕೇಳಿದರು.

ನನ್ನ ಗಂಡ ಮೀನಾ ಅಬ್ದುಲ್ಲಾ ಎನ್ನುವ ಕಡೆ ಒಬ್ಬ ಕಂಟ್ರಾಕ್ಟರನ ಸ್ಟೋರ್ ನೋಡಿಕೊಳ್ಳುವವರು. ಜಗಳಕ್ಕೆ ಹೋಗುವವರಲ್ಲ. ಆದರೆ ಅವತ್ತು ಟೀಚರ್ ನಮ್ಮ ಊಟದ ಮೇಜಿನಲ್ಲಿ ಕೂತಿದ್ದಾಗಲೇ ಹೇಳಿಬಿಟ್ಟರು:

‘ಟೀಚರ್, ಬೇಜಾರು ಮಾಡ್ಬೇಡಿ. ನನ್ನ ಪಾಸ್‌ಪೋರ್ಟೇ ಕಂಪೆನಿಯ ಕಪಾಟಲ್ಲಿ ಉಂಟು. ಇವಳು ಹೋಗಿ ಊರವರ ಪಾಸ್‌ಪೋರ್ಟ್ ಎಲ್ಲುಂಟು ಅಂತ ಕೇಳುದು ಎಂತಕ್ಕೆ? ಯಾರು ಎಂತ ಹೇಳಿದ್ರು ಅಂತ ನಾಳೆ ಗೊತ್ತಾದ್ರೆ?’

‘ಗೊತ್ತಽ ಆಗೂದಿಲ್ರಿ. ನಂಗೂ ಗೊತ್ತಾಗೂದಿಲ್ಲ,’ ಎಂದು ಟೀಚರ್ ನೂರು ಫಿಲ್ಸ್‌ನ ಒಂದು ನಾಣ್ಯ ತೆಗೆದು ಮೇಜಿನ ಮೇಲಿಟ್ಟರು. ಅದರ ಒಂದು ಮುಖದಲ್ಲಿ ಹಾಯಿಹಡಗು, ಇನ್ನೊಂದರಲ್ಲಿ ಬರಹ. ‘ಮೇಜಿನ ಕೆಳಗ ಚಿಮ್ಮರಿ. ನಮಗ ತೋರಸ್ಬ್ಯಾಡ್ರಿ. ಹಡಗು ಬಿದ್ರ, ನಾ ಏನಽ ಕೇಳಿರ್ಲಿ, ಹೌದು ಅನ್ರಿ. ಬರಹ ಬಿದ್ರ ಖರೇ ಹೇಳ್ರಿ. ಚಿಮ್ಮಿದ್ರೇನು? ಈಗ ಹೇಳ್ರಿ, ಈ ವಾರದಾಗ ಸಿಗರೇಟು ಸೇದೀರೇನು?’

ಸಿಗರೇಟು ಬಿಟ್ಟೆ ಎಂದು ಮಗಳ ತಲೆ ಮುಟ್ಟಿ ಹೇಳಿದ್ದ ಮನುಷ್ಯ. ನಾಣ್ಯ ಉರುಳಿ ಮೇಜಿನ ಕಾಲಿನ ಹತ್ತಿರ ಹೋಗಿ ಬಿತ್ತು. ಬಗ್ಗಿದವರು ಸ್ವಲ್ಪ ಹೊತ್ತು ಕೆಳಗೇ ಇದ್ದರು. ಮೇಲೆ ಬಂದಾಗ ಕಿವಿ ಕೆಂಪಾಗಿತ್ತು, ಬಗ್ಗಿದ್ದಕ್ಕೂ ಇರಬಹುದು.

‘ಹೌದು,’ ಎಂದರು. ನನ್ನ ಮುಖ ನೋಡಿ, ‘ಹಡಗು ಮಾರಾಯ್ತಿ!’ ಎಂದರು.

‘ಅದನ್ನ ಹೇಳ್ಬಾರ್ದ್ರಿ!’ ಎಂದು ಟೀಚರ್ ಮೇಜು ಬಡಿದು ನಕ್ಕರು. ‘ನೋಡ್ರಿ ವೈನಿ, ಇಷ್ಟು ವರ್ಷ ಸಂಸಾರ ಮಾಡಿದ ನಿಮಗಽ ತಿಳೀಲಿಲ್ಲ. ಕಂಪೆನಿಯವ್ರಿಗೆ ಹ್ಯಾಂಗ ತಿಳೀತದ?’

ಒಬ್ಬೊಬ್ಬರದು ಯಾರಿಗೂ ತಿಳಿಯುವುದಿಲ್ಲ, ಆದರೆ ಒಟ್ಟು ತಿಳಿಯುತ್ತದೆ. ಅದನ್ನೂ ಬಿಡಿಸಿ ಹೇಳಿದರು. ನೂರು ಜನ ಚಿಮ್ಮಿದರೆ ಸುಮಾರು ಐವತ್ತು ಜನರಿಗೆ ಹಡಗು ಬೀಳುತ್ತದೆ. ಅವರು ನಾಣ್ಯದ ಮಾತು ಕೇಳಿ ‘ಹೌದು’ ಅನ್ನುತ್ತಾರೆ. ‘ಹೌದು’ ಎಪ್ಪತ್ತು ಬಂದರೆ, ಮೇಲಿನ ಇಪ್ಪತ್ತು ನಿಜವಾದ ‘ಹೌದು’. ಅವು ಯಾರವು ಎಂದು ದೇವರೊಬ್ಬನಿಗೆ ಗೊತ್ತು. ನನ್ನ ಗಂಡ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದು ಸಮ ಉಂಟು,’ ಎಂದರು. ಸಿಗರೇಟಿನ ವಿಷಯ ಇವತ್ತಿಗೂ ನನಗೆ ತಿಳಿದಿಲ್ಲ.

ಕಟ್ಟಡದ ಕೆಳಗೆ ವಿಟ್ಲ ಕಡೆಯ ಬ್ಯಾರಿ ಕಾಕನ ಹೋಟೆಲು. ಅಲ್ಲಿ ಹೆಂಗಸರು ಮಕ್ಕಳು ಕೂರಲು ಮರದ ತಡಿಕೆ ಹಾಕಿದ ಒಂದು ಮೂಲೆ ಇತ್ತು. ಶುಕ್ರವಾರ ಬೆಳಿಗ್ಗೆ ಕಾಕ ಅದನ್ನು ನಮಗೆ ಬಿಟ್ಟುಕೊಟ್ಟರು. ರಜೆಯ ದಿನ, ಜನ ನಿಧಾನವಾಗಿ ಎದ್ದು ಸ್ನಾನ ಮಾಡಿ ಇಳಿದು ಬರುವ ಹೊತ್ತು. ಟೀಚರ್ ಕೋಣೆಗಳನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಚೀಟಿಯಲ್ಲಿ ಬಂದವರಿಗೆ ಚಹಾ, ಪರೋಟ.

‘ನಮ್ಮ ಗಿರಾಕಿಗಳನ್ನೇ ಕೇಳಿ ಟೀಚರೇ. ಎಲ್ಲ ಒಳ್ಳೆ ಜನ. ನಿಮ್ಗೆ ಕೆಲಸ ಬೇಗ ಖಲಾಸ್ ಆಗ್ತದೆ,’ ಎಂದರು ಕಾಕ.

‘ಒಳ್ಳೆ ಮಂದಿ ಬ್ಯಾಡ್ರಿ ಕಾಕಾ. ಚೀಟಿಯಾಗ ಬಂದ ಮಂದಿ ಬೇಕು.’

‘ಅದ್ರಲ್ಲಿ ಕೆಟ್ಟವನು ಬಂದ್ರೆ?’

‘ಅವಂಗ ಎರಡು ಪರೋಟ ಕೊಡ್ರಿ.’

ಉತ್ತರದ ಜೊತೆ ಹೆಸರಿಲ್ಲ, ಕಂಪೆನಿಯಿಲ್ಲ, ಕೋಣೆಯ ನಂಬರು ಸಹ ಬರೆದುಕೊಳ್ಳುವುದಿಲ್ಲ. ಅಷ್ಟಿದ್ದರೂ ಪ್ರತಿ ಸಲ ಬಾಗಿಲ ಗಂಟೆ ಕಿಣಿಕಿಣಿ ಎಂದಾಗ ತಡಿಕೆಯ ಸಂದಿಯಿಂದ ಇಣುಕುತ್ತಿದ್ದೆ. ಒಮ್ಮೆ ಯಾವುದೋ ಕಂಪೆನಿಯ ಮಿನಿಬಸ್ಸಿನ ಚಾಲಕ, ಎದೆಯ ಮೇಲೆ ಕಂಪೆನಿಯ ಮುದ್ರೆ ಇರುವ ಅಂಗಿ ಹಾಕಿಕೊಂಡು, ಪಕ್ಕದ ಮೇಜಿಗೇ ಬಂದು ಕೂತ. ನಾನು ನಾಣ್ಯದ ಮೇಲೆ ಪರೋಟದ ತಟ್ಟೆ ಇಟ್ಟುಬಿಟ್ಟೆ. ಅವನು ಚಹಾ ಕುಡಿದು, ಮುಖಕ್ಕೆ ಟವೆಲ್ ಹಾಕಿಕೊಂಡು ಸ್ವಲ್ಪ ಮಲಗಿ, ಎದ್ದು ಹೋದ. ಟೀಚರ್ ಅಷ್ಟು ಹೊತ್ತೂ ಎದುರಿಗಿದ್ದ ಹುಡುಗನ ಬಳಿ ಅವನ ಊರಿನ ಮಳೆ, ಬೆಳೆ ಎಂದೆಲ್ಲ ಮಾತನಾಡುತ್ತ ಕೂತಿದ್ದರು. ಅವರ ಕೈ ಮಾತ್ರ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಅವರಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ತಿಳಿದದ್ದು ಆವತ್ತು.

ರಂಜಾನ್ ಹತ್ತಿರ ಬಂತು. ಒಂದು ಸಂಜೆ ಅವರು ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದು, ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ತೊಂಡೆಕಾಯಿ ಹೆಚ್ಚುತ್ತಿದ್ದೆ.

‘ವೈನಿ, ಯಾರ ಪಾಸ್‌ಪೋರ್ಟೂ ಕಂಪೆನಿ ಹತ್ರ ಇಲ್ಲ ಅಂದ್ರ ಲೆಕ್ಕ ಸೊನ್ನಿ ಬರಬೇಕು. ಹೌದಲ್ರಿ? ಸೊನ್ನಿಗಿಂತ ಕೆಳಗ ಹ್ಯಾಂಗ ಹೋಗ್ತದ?’

ನನಗೆ ಅರ್ಥವಾಗಲಿಲ್ಲ. ಅವರು ತೊಂಡೆಕಾಯಿಯ ಬಿಲ್ಲೆಗಳನ್ನೇ ಎರಡು ಗುಂಪು ಮಾಡಿ ತೋರಿಸಿದರು. ಬರೀ ನಾಣ್ಯದ ಮಾತು ಕೇಳಿದರೂ ಅರ್ಧದಷ್ಟು ಜನ ‘ಹೌದು’ ಎನ್ನಬೇಕಿತ್ತು. ಅಷ್ಟೂ ಬಂದಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಬಂದಿದೆ. ಅಂದರೆ ಹಡಗು ಬಿದ್ದವರಲ್ಲೂ ಅನೇಕರು ‘ಇಲ್ಲ’ ಎಂದಿದ್ದಾರೆ. ಯಾಕೆ? ಯಾರಿಗೂ ತಿಳಿಯುವುದಿಲ್ಲ ಎಂದ ಮೇಲೂ ಯಾಕೆ?

ಅವರ ಡೀನ್‌ಗೆ ಮಾತ್ರ ಇದು ಸಂತೋಷದ ಸುದ್ದಿ. ಮರುದಿನ ಶರ್ಕ್‌ನಲ್ಲಿರುವ ಕಾಲೇಜಿನ ಆಡಳಿತ ಕಚೇರಿಗೆ ಕರೆಸಿ, ಖರ್ಜೂರ ಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದರಂತೆ: ಸೊನ್ನೆಗಿಂತ ಕೆಳಗೆ ಬಂದಿದ್ದರೆ ಸೊನ್ನೆ ಎಂದು ತಿಳಿಯೋಣ. ತೊಂದರೆ ಕಂಡುಬರಲಿಲ್ಲ ಎಂದು ಬರೆದುಕೊಡಿ, ನಿಮ್ಮ ಕರಾರಿನ ಕಾಗದವನ್ನು ಈ ವಾರವೇ ಮೇಲಕ್ಕೆ ಕಳಿಸುತ್ತೇನೆ.

‘ಬರ್ದ್ರಾ ಟೀಚರ್?’

‘ಶುಕ್ರವಾರ ಮುಗೀಲಿ ಅಂದೆ.’

ಆ ಶುಕ್ರವಾರ ಮೊದಲು ಬಂದವರು ಬ್ಯಾರಿಯವರೇ, ನಲವತ್ತು ದಾಟಿದ ಒಬ್ಬ ವೆಲ್ಡರ್. ಮಿಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಅತ್ತರಿನ ಪರಿಮಳದೊಂದಿಗೆ ಬಂದಿದ್ದರು. ಟೀಚರ್ ಅವರಿಗೆ ನಾಣ್ಯ ಕೊಟ್ಟು, ‘ಇವತ್ತು ನಿಮ್ಮ ಉತ್ತರ ಬರ್ಕೊಳ್ಳೂದಿಲ್ಲ ಭಾಯಿ. ಬರೇ ಕಲೀಬೇಕು ಅಂತ ಕೂತೀವಿ. ಮೇಜಿನ ಮ್ಯಾಲಽ ಚಿಮ್ಮರಿ,’ ಎಂದರು. ಹಡಗು ಬಿತ್ತು. ಪಾಸ್‌ಪೋರ್ಟ್ ಕಂಪೆನಿಯವರ ಹತ್ತಿರ ಇದೆಯೇ ಎಂದು ನಾನು ಕೇಳಿದೆ. ಅವರು ಹಡಗನ್ನು ನೋಡಿದರು, ನನ್ನನ್ನು ನೋಡಿದರು, ‘ಇಲ್ಲ’ ಎಂದರು.

‘ಹಡಗು ಬಿತ್ತಲ್ಲ. ಹೌದು ಅನ್ಬೇಕಲ್ಲ?’ ಎಂದೆ.

‘ಹೇಗೆ ಅನ್ನುದು ಅಕ್ಕಾ? ನನ್ನದು ನನ್ನ ಪೆಟ್ಟಿಗೆಯಲ್ಲೇ ಉಂಟು. ಇನ್ನು ಸ್ವಲ್ಪ ಹೊತ್ತಿಗೆ ಜುಮಾ. ಮಿಂದು ಬಂದಿದ್ದೇನೆ. ಈಗ ಸುಳ್ಳು ಹೇಳಿ, ಅದೇ ಬಾಯಲ್ಲಿ ಹೋಗಿ ನಮಾಜ್ ಮಾಡುದಾ?’ ನಾಣ್ಯವನ್ನು ಒಂದು ಬೆರಳಿನಲ್ಲಿ ನಮ್ಮ ಕಡೆ ಸರಿಸಿದರು. ‘ಮತ್ತೆ ಈ ಚಿಮ್ಮುದು ಉಂಟಲ್ಲ, ಇದು ಜೂಜಾಡಿದ ಹಾಗೆಯೇ ಕಾಣ್ತದೆ. ನೀವು ಹೆಂಗಸರು ಕೂತಿದ್ದೀರಿ ಅಂತ ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ.’

ಅವರ ಹಿಂದೆ ಚಹಾ ಹಿಡಿದು ನಿಂತಿದ್ದ ಕಾರ್ಕಳ ಕಡೆಯ ಪೇಂಟರ್, ನಮ್ಮ ತುಳುವಿನವರೇ, ಬಾಯಿ ಹಾಕಿದರು: ‘ನಾನೂ ಅವತ್ತು ಇಲ್ಲ ಅಂದೆ ಅಕ್ಕ. ನಮ್ಮ ಕಂಪೆನಿಯವ ನನ್ನದನ್ನು ಒಂದು ದಿನವೂ ಇಟ್ಟುಕೊಂಡವನಲ್ಲ. ಅವನ ಮೇಲೆ ಸುಮ್ಮನೆ ಯಾಕೆ ಇಲ್ಲದ್ದು ಹೇಳುದು?’

ಟೀಚರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಅಳುತ್ತಾರೋ ಎಂದು ನಾನು ಗಾಬರಿಯಾದೆ. ಅವರು ನಗುತ್ತಿದ್ದರು. ನಾವು ಶುಕ್ರವಾರ ಬೆಳಿಗ್ಗೆಯನ್ನೇ ಆರಿಸಿ, ವಾರದಲ್ಲಿ ಒಂದು ದಿನ ಮನಸ್ಸು ತೊಳೆದುಕೊಂಡು ಮಸೀದಿಗೆ ಹೊರಟವರನ್ನು ಹಿಡಿದು ಕೂರಿಸಿ, ಬನ್ನಿ, ಒಂದು ಸುಳ್ಳು ಹೇಳಿ ಹೋಗಿ ಎಂದು ಕೇಳಿದ್ದೆವು.

‘ಹೆದರಿಕಿ ಎಷ್ಟು ಅಂತ ಲೆಕ್ಕ ಹಾಕಿದ್ದೆ ವೈನಿ,’ ಎಂದರು ಲಿಫ್ಟಿನಲ್ಲಿ. ‘ಮರ್ಯಾದಿ ಲೆಕ್ಕ ಹಾಕಿರ್ಲಿಲ್ಲ.’

ಆಮೇಲೆ ನಗು ಇಳಿಯಿತು. ಅಷ್ಟು ವಾರಗಳ ಉತ್ತರವೆಲ್ಲ ಕೆಲಸಕ್ಕೆ ಬಾರದು. ಹೊಸದಾಗಿ ಶುರುಮಾಡಬೇಕು. ವರದಿಗೆ ಸಮಯ ಉಳಿದಿರಲಿಲ್ಲ. ಅವತ್ತೇ ನಾನು ಅವರ ಬಾಗಿಲು ತಟ್ಟಿ, ನಿಂತುಕೊಂಡೇ ಹೇಳಿದೆ:

‘ಟೀಚರ್, ಒಂದು ಮಾತು. ಡೀನ್ ಹೇಳಿದ ಹಾಗೆ ಈಗ ಬರ್ದು ಕೊಟ್ಟುಬಿಡಿ. ಕರಾರು ಕೈಗೆ ಬರ್ಲಿ. ಇಕಾಮಾ ಆಗ್ಲಿ. ಆಮೇಲೆ ನಿಧಾನಕ್ಕೆ ಸಮ ಮಾಡುವ. ಯಾರಿಗೆ ಗೊತ್ತಾಗ್ತದೆ?’

ಅವರು ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಬಹಳ ಮೆತ್ತಗೆ ಹೇಳಿದರು.

‘ಒಂದು ಸುಳ್ಳು ಹೇಳ್ರಿ ಅಂತ ನಾನಽ ಕೇಳ್ಕೊಂಡೆ. ಪುಕ್ಕಟ ಪರೋಟಾನೂ ಕೊಟ್ಟೆ. ಆ ಮಂದಿ ಒಲ್ಲೆ ಅಂದ್ರು. ಈಗ ಅವ್ರ ಹೆಸರಿನ್ಯಾಗ ನಾ ಹ್ಯಾಂಗ ಸುಳ್ಳು ಬರೀಲಿ ವೈನಿ?’

ಆಮೇಲೆ, ‘ನಂಗೂ ಹೆದರಿಕಿ ಅದ್ರಿ. ಈ ವಯಸ್ಸಿನ್ಯಾಗ ಮತ್ತ ಯಾರು ಸ್ಟೂಲ್ ಕೊಡ್ತಾರ?’ ಎಂದರು. ರೊಟ್ಟಿಯ ಅಂಚು ಒಣಗುತ್ತಿತ್ತು. ಅದನ್ನು ತಟ್ಟಿ ಸರಿಮಾಡಿದರು.

ಹೊಸ ರೀತಿಯಲ್ಲಿ ಯಾರೂ ಸುಳ್ಳು ಹೇಳಬೇಕಿರಲಿಲ್ಲ. ನಾನು ಹಳೆಯ ರವಿಕೆಯ ಅಸ್ತರಿನಿಂದ ಒಂದು ಚೀಲ ಹೊಲಿದೆ. ಅದರೊಳಗೆ ಅಂಗಿಯ ಗುಂಡಿಗಳು. ಕೆಂಪು ಹೆಚ್ಚು, ಬಿಳಿ ಕಡಿಮೆ. ಬಂದವರು ಕೈ ಹಾಕಿ ಒಂದು ಗುಂಡಿ ತೆಗೆದು, ತಾವೊಬ್ಬರೇ ನೋಡಿ, ಮತ್ತೆ ಒಳಗೆ ಹಾಕಬೇಕು. ಎದುರಿನ ಹಲಗೆಯಲ್ಲಿ ಎರಡು ವಾಕ್ಯ. ಕೆಂಪಿನ ಕೆಳಗೆ: ನನ್ನ ಪಾಸ್‌ಪೋರ್ಟ್ ನನ್ನ ಕೈಯಲ್ಲಿಲ್ಲ. ಬಿಳಿಯ ಕೆಳಗೆ: ನನ್ನ ಪಾಸ್‌ಪೋರ್ಟ್ ನನ್ನ ಕೈಯಲ್ಲಿದೆ. ತಮಗೆ ಬಂದ ಬಣ್ಣದ ವಾಕ್ಯವನ್ನು ಮನಸ್ಸಿನಲ್ಲೇ ಓದಿ ಸರಿಯೋ ತಪ್ಪೋ ಹೇಳಿದರಾಯಿತು. ಹೇಳಿದ್ದು ನಿಜ; ಯಾವ ವಾಕ್ಯಕ್ಕೆ ಹೇಳಿದ್ದು ಎಂದು ನಮಗೆ ಗೊತ್ತಿಲ್ಲ. ಕೆಂಪೆಷ್ಟು, ಬಿಳಿಯೆಷ್ಟು ಎಂದು ಗೊತ್ತಿರುವುದರಿಂದ ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ಇದೇನೂ ತಾನು ಕಂಡುಹಿಡಿದದ್ದಲ್ಲ, ಹಳೆಯ ಪದ್ಧತಿಯೇ, ಆದರೆ ಇದರಲ್ಲಿ ಮಸುಕು ಹೆಚ್ಚು, ಹಾಗಾಗಿ ಬಹಳ ಜನ ಬೇಕು ಎಂದು ಟೀಚರ್ ಹೇಳಿದರು. ಬಹಳ ಜನ ಎಂದರೆ ಬಹಳ ದಿನ. ಆ ದಿನಗಳೇ ಅವರ ಹತ್ತಿರ ಇರಲಿಲ್ಲ.

ರಂಜಾನಿನಲ್ಲಿ ಕಾಕನ ಹೋಟೆಲು ಬೆಳಿಗ್ಗೆ ಮುಚ್ಚಿರುತ್ತದೆ. ನಾವು ಸಂಜೆ ಉಪವಾಸ ಬಿಟ್ಟ ಮೇಲೆ ಕೂರತೊಡಗಿದೆವು, ಶುಕ್ರವಾರ ಮಾತ್ರವಲ್ಲ, ವಾರವಿಡೀ. ಹೊಟ್ಟೆ ತುಂಬಿದ ಜನ, ಕೈಯಲ್ಲಿ ಗಂಜಿಯ ಲೋಟ, ಗುಂಡಿ ತೆಗೆಯುವಾಗ ಒಬ್ಬರನ್ನೊಬ್ಬರು ತಮಾಷೆ ಮಾಡಿಕೊಳ್ಳುತ್ತ. ‘ಏ, ಅಷ್ಟು ಹೊತ್ತು ಕೈ ಹಾಕಿ ಎಂತ ಹುಡುಕ್ತೀಯಾ, ಒಳಗೆ ಮೀನು ಉಂಟಾ?’ ‘ಅಕ್ಕಾ, ಇವನಿಗೆ ಬಣ್ಣ ಗೊತ್ತಾಗುದಿಲ್ಲ, ಸಿಗ್ನಲ್ಲಿನಲ್ಲಿ ಕೇಳಿ ನೋಡಿ!’ ನಗುತ್ತಲೇ ಬಂದು, ಅಂಗೈಯ ಗುಂಡಿ ನೋಡಿ, ಥಟ್ಟನೆ ಸುಮ್ಮನಾಗಿ, ‘ಸರಿ’ ಎಂದವರಿದ್ದರು. ಆ ಸುಮ್ಮನಾಗುವುದು ಯಾಕೆ ಎಂದು ಯೋಚಿಸಬಾರದು ಎಂದಿದ್ದರು ಟೀಚರ್. ‘ನೀವು ಊಹಿಸಾಕ ಹತ್ತಿದ್ರಿ ಅಂದ್ರ, ಅವ್ರಿಗೆ ಕೊಟ್ಟ ಮಾತು ಹೋತು.’ ಮುಖ ನೋಡದೆ ಇರಲೆಂದು ನಾನು ಹಲಗೆಯನ್ನೇ ನೋಡುತ್ತ ಕೂರುತ್ತಿದ್ದೆ.

ಅವರು ಡೀನ್‌ಗೆ ಮೂರು ಪುಟ ಬರೆದು ಕೊಟ್ಟರು. ಮೊದಲ ಸುತ್ತು ಕೆಟ್ಟಿತು, ತಪ್ಪು ನನ್ನದು, ಎರಡನೆಯದು ನಡೆಯುತ್ತಿದೆ ಎಂದು. ಉತ್ತರ ಬರಲಿಲ್ಲ. ಅವರು ದಿನಾ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಫೋನ್ ನೋಡುತ್ತಿದ್ದರು, ಸಂಜೆ ಇಳಿದ ಮೇಲೆ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ನನ್ನ ಮಗಳಿಗೆ ನಮ್ಮಿಬ್ಬರನ್ನೂ ನೋಡಿ ಸಾಕಾಗಿತ್ತು. ‘ಅಮ್ಮಾ, ಆಂಟಿ ಈಸ್ ಕಾಮ್. ಯೂ ಆರ್ ದಿ ಒನ್ ಹೂ ಇಸ್ ಪ್ಯಾನಿಕಿಂಗ್,’ ಎಂದಳು. ಆಂಟಿ ಶಾಂತವಾಗಿಲ್ಲ ಮಗೂ, ಅವರಿಗೆ ಕಾಯುವುದು ಬರುತ್ತದೆ ಅಷ್ಟೆ ಎಂದು ತುಳುವಿನಲ್ಲಿ ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ.

ಈದ್ ಮುಗಿದು ಎರಡನೆಯ ವಾರ ಕಾಗದ ಬಂತು. ಕರಾರು ಮುಂದುವರಿಯುವುದಿಲ್ಲ, ಸೆಮಿಸ್ಟರ್ ಮುಗಿದ ಮೇಲೆ ಹೊರಡಬಹುದು. ಕಾರಣ ಬರೆದಿರಲಿಲ್ಲ. ಬರೆಯಬೇಕೆಂದೂ ಇಲ್ಲವಂತೆ. ಸಮೀಕ್ಷೆಗೆ ಬೇಕಾದ ಜನರಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು.

ಟೀಚರ್ ಹೊರಡುವ ಮುಂಚಿನ ದಿನ ನಮ್ಮ ಮನೆಗೆ ಬಂದು ಗುಂಡಿಯ ಚೀಲ ಕೊಟ್ಟರು. ಮಾಡಲೇಬೇಕು ಎಂದು ಹೇಳಲಿಲ್ಲ. ‘ನಿಮಗ ಅಂಜಿಕಿ ಆದ್ರ ಬ್ಯಾಡ್ರಿ. ಎಷ್ಟು ಆಗೇದೋ ಅಷ್ಟರ ಮ್ಯಾಲೆ ಬರೀತೀನಿ. ಸ್ವಲ್ಪ ಮಸುಕು ಉಳೀತದ, ಅಷ್ಟಽ.’ ನಾನು ನನ್ನ ಗಂಡನ ಮುಖ ನೋಡಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡು, ‘ಕಾಕನ ಹೋಟ್ಲಿಗೆ ಇವಳನ್ನು ನಾನು ಬಿಟ್ಟು ಬರ್ತೇನೆ ಟೀಚರ್. ಅಲ್ಲೇ ಹೊರಗೆ ಕೂತಿರ್ತೇನೆ,’ ಎಂದರು.

ಹಾಗೆ ಉಳಿದದ್ದನ್ನು ನಾನೊಬ್ಬಳೇ ಮಾಡಿದೆ. ಅವರು ಹೋಗುವ ಮೊದಲೇ ಚೀಟಿ ಎತ್ತಿಟ್ಟಿದ್ದ ಕೋಣೆಗಳವರನ್ನೇ ಕರೆಸಿದೆ, ಒಬ್ಬರನ್ನೂ ಬದಲಾಯಿಸಲಿಲ್ಲ. ಸರಿ ಎಷ್ಟು, ತಪ್ಪು ಎಷ್ಟು ಎಂದು ಧಾರವಾಡಕ್ಕೆ ಫೋನಿನಲ್ಲಿ ಕಳಿಸುತ್ತಿದ್ದೆ. ಮೊದಲ ಸಂಜೆ ಆ ಬಿಳಿ ಅಂಗಿಯ ವೆಲ್ಡರ್ ಬಂದು ತಡಿಕೆಯ ಆಚೆಯೇ ನಿಂತರು. ಅವರ ಸರದಿ ಆಗಿಹೋಗಿತ್ತು.

‘ಟೀಚರ್ ಕಾಣುದಿಲ್ಲ?’

‘ಊರಿಗೆ ಹೋದ್ರು. ಇಲ್ಲಿಯ ಕೆಲಸ ಹೋಯ್ತು.’

‘ನಾವು ಅವತ್ತು ಹೇಳಿದ್ದಕ್ಕೆ ಅವರಿಗೆ ತೊಂದ್ರೆ ಆಯ್ತಾ ಅಕ್ಕಾ?’

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರ ಎದುರಿಗೆ ಹೇಳಲಾಗಲಿಲ್ಲ. ‘ನೀವು ಹೇಳಿದ್ದನ್ನು ಅವರು ಹಾಗೇ ಬರೆದ್ರು, ಅದಕ್ಕೆ,’ ಎಂದೆ. ಅವರು ಹೊರಗೆ ನನ್ನ ಗಂಡನ ಪಕ್ಕದ ಬೆಂಚಿನಲ್ಲಿ ಹೋಗಿ ಕೂತರು. ಎಲ್ಲ ಮುಗಿಯುವ ತನಕ ಎದ್ದು ಹೋಗಲಿಲ್ಲ. ಮುಂದಿನ ಸಂಜೆಗಳಲ್ಲೂ ಬಂದು ಕೂರುತ್ತಿದ್ದರು.

ಟೀಚರ್ ತೀರಿಹೋಗಿ ಈಗ ಒಂದು ವರ್ಷದ ಮೇಲಾಯಿತು. ಧಾರವಾಡದ ಒಂದು ಕಾಲೇಜಿನಲ್ಲಿ ವಾರಕ್ಕೆ ಇಷ್ಟು ಪಾಠ ಎಂದು ಒಪ್ಪಿಕೊಂಡಿದ್ದರು. ತರಗತಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ ಎಂದು ಅವರ ಅಣ್ಣನ ಮಗಳು ಫೋನ್ ಮಾಡಿ ತಿಳಿಸಿದಳು. ಸಮೀಕ್ಷೆಯ ಪ್ರಬಂಧವನ್ನು ಕಳಿಸಿ ಆಗಿತ್ತಂತೆ. ಅದು ಅಚ್ಚಾದರೆ ನನಗೆ ಓದಲು ತಿಳಿಯುತ್ತದೋ ಇಲ್ಲವೋ. ಆದರೆ ಒಬ್ಬರನ್ನು ಏನಾದರೂ ಕೇಳುವ ಮೊದಲು, ಇವರಿಗೆ ಇಲ್ಲ ಎನ್ನಲು ಜಾಗ ಬಿಟ್ಟಿದ್ದೇನೆಯೇ ಎಂದು ನೋಡಿಕೊಳ್ಳುವುದು ನನಗೆ ಅವರಿಂದ ಬಂತು. ಮಗಳ ಹತ್ತಿರ, ಗಂಡನ ಹತ್ತಿರ, ಮನೆ ಒರೆಸಲು ಬರುವ ಹೆಂಗಸಿನ ಹತ್ತಿರವೂ.

ಅವರ ಜೊತೆ ಫೋನಿನಲ್ಲಿ ಕೊನೆಯ ಸಲ ಸರಿಯಾಗಿ ಮಾತನಾಡಿದ್ದು, ಕೊನೆಯ ಚೀಟಿಯವರದು ಮುಗಿದ ದಿನ. ಲೆಕ್ಕವನ್ನು ಅವರು ಆಗಲೇ ಹಾಕಿ ಮುಗಿಸಿದ್ದರು. ‘ಸೊನ್ನಿಗಿಂತ ಮ್ಯಾಲೆ ಅದ್ರಿ ವೈನಿ. ಭಾಳ ಮ್ಯಾಲೆ,’ ಎಂದರು. ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಅಷ್ಟು ಜನರ ಪಾಸ್‌ಪೋರ್ಟಿನ ಮಾತಲ್ಲವೇ. ಆಮೇಲೆ ಕೇಳಿದರು:

‘ಒಂದು ಹೇಳ್ರಿ. ನೀವೊಬ್ರಽ ಕೂತಾಗ ಯಾರರೆ ಹೆದರಿದ್ರೇನು?’

ನೆನಪು ಮಾಡಿಕೊಂಡೆ. ಒಬ್ಬೊಬ್ಬರನ್ನೂ. ‘ಇಲ್ಲ ಟೀಚರ್. ನನ್ನೊಬ್ಬಳನ್ನು ಬಿಟ್ಟು ಯಾರೂ ಹೆದರ್ಲಿಲ್ಲ.’

ಆ ಕಡೆಯಿಂದ ನಗು ಕೇಳಿಸಿತು.

‘ನೀವು ಚೀಟಿಯಾಗ ಬಂದವ್ರಲ್ಲ ಬಿಡ್ರಿ. ನಿಮ್ಮನ್ನ ಲೆಕ್ಕಕ್ಕ ಹಿಡಿಯೂದಿಲ್ಲ.’